ಬಾಯಿ ಒಣಗಿದ ಮೇಲೆ

ಹಾವನೂರು ಸರ್ಕಲ್ಲಿನಿಂದ ಒಳಕ್ಕೆ ತಿರುಗುವ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪವಿದೆ. ಅಲ್ಲಿ ಮದುವೆ ಮಾಡಿದವರೆಲ್ಲ ಮೊದಲು ಮಾತಾಡಿದ್ದು ಶೋಭಾರಾಣಿಯ ಜೊತೆಗೇ. ಯಾವ ದಿನ ಖಾಲಿ ಇದೆ, ಬಾಳೆಕಂಬ ಯಾರು ಕಟ್ಟಬೇಕು, ಕರೆಂಟು ಹೋದರೆ ಏನು ಗತಿ, ಗಂಡಿನ ಕಡೆಯವರಿಗೆ ಯಾವ ರೂಮು ಕೊಟ್ಟರೆ ಮುನಿಸು ಬರುವುದಿಲ್ಲ, ಇದನ್ನೆಲ್ಲ ಬಾಗಿಲ ಪಕ್ಕದ ಸಣ್ಣ ಆಫೀಸಿನಲ್ಲಿ ಕೂತು ಅವಳು ಬರೀ ಮಾತಿನಲ್ಲೇ ನಿಭಾಯಿಸುತ್ತಿದ್ದಳು. ಮುಹೂರ್ತದ ಹೊತ್ತಿಗೆ ಬೀಗರು ಬೀಗರು ಜಗಳಕ್ಕೆ ನಿಂತರೆ ಮ್ಯಾನೇಜರು ತಾನು ಹೋಗದೆ ಅವಳನ್ನು ಕಳಿಸುತ್ತಿದ್ದ. ಅವಳು ಹೋಗಿ ಇಬ್ಬರಿಗೂ ಕಾಫಿ ತರಿಸಿ, ಇಬ್ಬರಿಗಿಂತಲೂ ಜೋರಾಗಿ ಇಬ್ಬರ ಜೊತೆಗೂ ಮಾತಾಡಿ, ಕೊನೆಗೆ ಇಬ್ಬರನ್ನೂ ನಗಿಸಿ ಬರುತ್ತಿದ್ದಳು.

ಅವಳು ಬಿನ್ನಿಪೇಟೆಯ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಬೈರಯ್ಯನವರ ಮಗಳು. ಬೀದಿ ನಲ್ಲಿಯ ಸಾಲಿನಲ್ಲಿ ಬಿಂದಿಗೆ ಹಿಡಿದು ಬೆಳೆದವಳಿಗೆ ಮಾತನ್ನು ಬೇರೆಯವರು ಕಲಿಸಬೇಕಾಗಿರಲಿಲ್ಲ. ಗಂಡ ಮಹದೇವ್ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವನು. ಇಡೀ ದಿನ ಯಂತ್ರದ ಸದ್ದಿನಲ್ಲಿ ನಿಂತು ಬರುವ ಅವನಿಗೆ ಮನೆಯಲ್ಲಿ ಹೆಚ್ಚು ಮಾತು ಹೊರಡುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ವಿಜಯನಗರದ ಎರಡನೇ ಮಹಡಿಯ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿಕೊಂಡಿದ್ದಳು.

ನಲವತ್ತೇಳನೆಯ ವಯಸ್ಸಿನಲ್ಲಿ ಅವಳ ನಾಲಿಗೆಯ ಬುಡದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನುಂಗುವಾಗ ಏನೋ ತಡೆದಂತಾಗುತ್ತಿತ್ತು, ಕಿವಿಯೊಳಗೆ ಚಳುಕು. ಪರೀಕ್ಷೆಯಾಗಿ ಕ್ಯಾನ್ಸರ್ ಎಂದು ಗೊತ್ತಾದಾಗ ಕಂಡಕಂಡವರೆಲ್ಲ ಕೇಳಿದ್ದು ಒಂದೇ ಮಾತು: ಎಲೆಅಡಿಕೆ ಹಾಕ್ತಿದ್ರಾ, ಹೊಗೆಸೊಪ್ಪು ಇತ್ತಾ? ಅವಳು ಮದುವೆಯ ತಾಂಬೂಲದ ಎಲೆಯನ್ನೂ ಬಾಯಿಗಿಟ್ಟವಳಲ್ಲ. ಮೊದಮೊದಲು ಹಾಗೆಂದು ಹೇಳುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು.

ಆಪರೇಷನ್ ಬೇಡ, ರೇಡಿಯೇಷನ್ ಸಾಕು, ಜೊತೆಗೆ ವಾರಕ್ಕೊಮ್ಮೆ ಔಷಧದ ಡ್ರಿಪ್ ಎಂದು ಆಸ್ಪತ್ರೆಯವರು ಹೇಳಿದರು. ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರನ್ನು ಕಂಡು ಬರಬೇಕು ಎಂದೂ ಹೇಳಿದರು. ಇದಕ್ಕೂ ಹಲ್ಲಿಗೂ ಏನು ಸಂಬಂಧವೆಂದು ಅವಳಿಗೆ ತಿಳಿಯಲಿಲ್ಲ. ಮನೆಗೆ ಹತ್ತಿರದಲ್ಲೇ ಡಾಕ್ಟರ್ ರಮ್ಯ ಎಂಬವರ ಕ್ಲಿನಿಕ್ ಇತ್ತು. ಅವರು ಎಕ್ಸ್‌ರೇ ತೆಗೆದು, ಹಿಂದಿನ ಎರಡು ದವಡೆ ಹಲ್ಲು ಗಟ್ಟಿಯಾಗಿಲ್ಲವೆಂದು ಆಗಲೇ ಕಿತ್ತರು. ಉಳಿದ ಹಲ್ಲುಗಳ ಅಚ್ಚು ತೆಗೆದುಕೊಂಡು, ಮೇಲಿನ ಸಾಲಿಗೊಂದು ಕೆಳಗಿನ ಸಾಲಿಗೊಂದು ಸರಿಯಾಗಿ ಕೂರುವಂಥ ಮೆತ್ತನೆಯ ಪ್ಲಾಸ್ಟಿಕ್ ತಟ್ಟೆ ಮಾಡಿಸಿ ಕೊಟ್ಟರು. ಜೊತೆಗೆ ಫ್ಲೋರೈಡ್ ಜೆಲ್ಲಿನ ಒಂದು ಟ್ಯೂಬು. ದಿನಾ ಹಲ್ಲುಜ್ಜಿದ ಮೇಲೆ ತಟ್ಟೆಗೆ ಜೆಲ್ ಹಚ್ಚಿ, ಐದು ನಿಮಿಷ ಬಾಯಲ್ಲಿಟ್ಟುಕೊಂಡು, ಉಗಿಯಬೇಕು. ಬಾಯಿ ಮುಕ್ಕಳಿಸಬಾರದು, ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಎಷ್ಟು ದಿನ ಎಂದು ಮಹದೇವ್ ಕೇಳಿದ. ಇರೋವರೆಗೂ ಎಂದರು ಡಾಕ್ಟರು. ಯಾಕೆ ಎಂದೂ ವಿವರಿಸಿದರು. ಶೋಭಾರಾಣಿ ಆ ಹೊತ್ತಿನಲ್ಲಿ ಕಿತ್ತ ಹಲ್ಲಿನ ಜಾಗದ ಹತ್ತಿಯನ್ನು ಕಚ್ಚಿಕೊಂಡು, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಿಂಗಳ ಮುಹೂರ್ತದ ದಿನಗಳನ್ನು ನೋಡುತ್ತಿದ್ದಳು.

ಏಳು ವಾರ ರೇಡಿಯೇಷನ್ ನಡೆಯಿತು. ಮುಖಕ್ಕೆ ಜಾಲರಿಯ ಮುಖವಾಡ ಹಾಕಿ, ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಹೋಗುತ್ತಿದ್ದರು. ಮೊದಲ ವಾರ ಭಯವಾಯಿತು. ಮೂರನೆಯ ವಾರಕ್ಕೆ ಬಾಯಲ್ಲಿ ಹುಣ್ಣೆದ್ದು ನೀರು ನುಂಗಿದರೂ ಬೆಂಕಿ ನುಂಗಿದಂತಾಗುತ್ತಿತ್ತು. ಐದನೆಯ ವಾರದಿಂದಾಚೆಗೆ ಭಯವೂ ಇಲ್ಲ, ನೋವೂ ತನ್ನದಲ್ಲ ಎನ್ನುವ ಹಾಗೆ ಆಗಿಬಿಟ್ಟಿತು. ಮಹದೇವ್ ಕೈ ಹಿಡಿದು ಮೆಟ್ಟಿಲು ಹತ್ತಿಸಿದರೆ ಹತ್ತುತ್ತಿದ್ದಳು, ಕೂರಿಸಿದರೆ ಕೂರುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿ, ಗಂಟು ಪೂರ್ತಿ ಹೋಗಿದೆ ಎಂದರು. ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು ಮಹದೇವ್ ಅತ್ತುಬಿಟ್ಟ. ಮದುವೆಯಾದಂದಿನಿಂದ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಅವಳು ಅವನ ಪಕ್ಕದಲ್ಲೇ ಕೂತು ಎದುರಿನ ಗಾಡಿಯವನು ಸೌತೆಕಾಯಿ ಸೀಳಿ ಖಾರದಪುಡಿ ಸವರುವುದನ್ನು ನೋಡಿದಳು. ತನಗೂ ಅಳು ಬರಬೇಕಿತ್ತು ಅಥವಾ ನಗು ಬರಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಏನೂ ಬರಲಿಲ್ಲ. ಬೈಕಿನ ಪಾರ್ಕಿಂಗ್ ಚೀಟಿ ಎಲ್ಲಿ ಎಂದು ಕೇಳಿದಳು.

ಬಾಯಲ್ಲಿ ಜೊಲ್ಲು ನಿಂತುಹೋಗಿತ್ತು. ರೇಡಿಯೇಷನ್ನಿನ ದಾರಿಯಲ್ಲೇ ಇದ್ದ ಜೊಲ್ಲಿನ ಗ್ರಂಥಿಗಳು ಸುಟ್ಟುಹೋಗಿದ್ದವು. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ವಾಕ್ಯ ಮುಗಿಯುವುದರೊಳಗೆ ತುಟಿ ಒಣಗಿ ಹಲ್ಲಿಗೆ ಕಚ್ಚಿಕೊಳ್ಳುತ್ತಿತ್ತು. ಸಾರು, ಹುಳಿ, ಪಾಯಸ ಯಾವುದಕ್ಕೂ ರುಚಿಯಿಲ್ಲ, ಬಿಸಿ ಇಲ್ಲವೇ ತಣ್ಣಗೆ, ಅಷ್ಟೇ. ಮಂಟಪಕ್ಕೆ ವಾಪಸು ಬಂದಾಗ ಕೈಯಲ್ಲಿ ನೀರಿನ ಬಾಟಲಿ ಹಿಡಿದೇ ಬಂದಳು. ಮಾತಾಡಲು ಹೊಸ ಹುಡುಗಿಯೊಬ್ಬಳನ್ನು ಇಟ್ಟುಕೊಂಡಿದ್ದರು. ಶೋಭಾರಾಣಿಗೆ ಅವಳ ಪಕ್ಕದಲ್ಲಿ ಕೂತು ಬುಕಿಂಗ್ ನೋಡಿಕೊಳ್ಳುವ ಕೆಲಸ. ಇದರಿಂದ ಬೇಜಾರಾಯಿತಾ ಎಂದು ಮ್ಯಾನೇಜರು ಮುಜುಗರದಿಂದ ಕೇಳಿದ. ಇಲ್ಲ ಸಾರ್ ಎಂದಳು. ನಿಜಕ್ಕೂ ಆಗಿರಲಿಲ್ಲ. ಮದುವೆಯ ಹಾಲ್‌ನಲ್ಲಿ ಗಟ್ಟಿಮೇಳ ಹೊಡೆದರೆ ಒಂದು ಕಾಲಕ್ಕೆ ಅವಳೂ ಅಕ್ಷತೆ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಈಗ ಆ ಸದ್ದು ಪಕ್ಕದ ಬೀದಿಯಿಂದ ಬಂದಂತಿರುತ್ತಿತ್ತು.

ತಟ್ಟೆಯ ಕೆಲಸವನ್ನು ಮಾತ್ರ ಹೇಳಿದಂತೆ ಮಾಡುತ್ತಿದ್ದಳು. ಊಟ ಮುಗಿದು ಹಲ್ಲುಜ್ಜಿ, ಜೆಲ್ ಹಚ್ಚಿ, ಎರಡು ತಟ್ಟೆಯನ್ನೂ ಕಚ್ಚಿಕೊಂಡು ಕುರ್ಚಿಯಲ್ಲಿ ಕೂರುವುದು, ಐದು ನಿಮಿಷಕ್ಕೆ ಎದ್ದು ಉಗಿಯುವುದು.

ಆಗ ಮಹದೇವನ ಅಣ್ಣ ಬಸಪ್ಪ ಊರಿನಿಂದ ಬಂದರು. ಪಾವಗಡದ ಕಡೆಯ ಹಳ್ಳಿ. ಅಲ್ಲೇ ಹೈಸ್ಕೂಲಿನ ಜವಾನರಾಗಿ ನಿವೃತ್ತರಾದವರು. ಬೆನ್ನು ಬಿಗಿದು ಬಗ್ಗಲಾಗದೆ, ಬೆಂಗಳೂರಿನ ಮೂಳೆ ಡಾಕ್ಟರಿಗೆ ತೋರಿಸಲು ಬಂದಿದ್ದರು. ಯಾರಾದರೂ ಪಕ್ಕದಿಂದ ಕರೆದರೆ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಾಣುತ್ತಿದ್ದವು. ಅವರ ಊರಿನವರಿಗೆಲ್ಲ ಹಾಗೆಯೇ, ಬೋರ್‌ವೆಲ್ಲಿನ ನೀರಿನಿಂದ ಬಂದದ್ದು. ಬಾಲ್ಯದಲ್ಲೇ ಸಿದ್ಧಗಂಗೆಯ ಕಡೆ ಚಿಕ್ಕಪ್ಪನ ಮನೆಗೆ ಓದಲು ಹೋಗಿದ್ದರಿಂದ ಮಹದೇವನ ಹಲ್ಲು ಬೆಳ್ಳಗೇ ಉಳಿದಿತ್ತು.

ಅವಳು ತಟ್ಟೆ ಕಚ್ಚಿಕೊಂಡು ಕೂತದ್ದನ್ನು ನೋಡಿ ಬಸಪ್ಪ ಅದೇನೆಂದು ತಮ್ಮನನ್ನು ಕೇಳಿದರು. ಹಲ್ಲು ಹುಳುಕಾಗದಂತೆ ಫ್ಲೋರೈಡ್ ಎಂದ ಮಹದೇವ್. ಬಸಪ್ಪ ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟರು.

"ನಮ್ಮೂರ್ ಬೋರಿನ್ ಮೇಲೆ ಕೆಂಪು ಬಣ್ಣದಲ್ಲಿ ಬರ್ದವ್ರಲ್ಲ, ಫ್ಲೋರೈಡ್ ನೀರು ಕುಡಿಯಬಾರ್ದು ಅಂತ, ಅದೇ ತಾನೆ ಇದು?"

ಅದೇ ಇರಬೇಕು ಎಂದ ಮಹದೇವ್.

"ನನ್ ಬೆನ್ನು ನೋಡವ್ವ," ಎಂದರು ಬಸಪ್ಪ ಅವಳತ್ತ ಇಡೀ ಮೈ ತಿರುಗಿಸಿ. "ಇದು ಅದು ಮಾಡಿದ್ ಕೆಲಸ. ಗೊತ್ತಿಲ್ದೆ ಕುಡಿದ್ವಿ ನಾವು. ನೀನು ಗೊತ್ತಿದ್ದೂ ಅಂಗ್ಡೀಲಿ ತಂದು ಬಾಯಿಗಿಟ್ಕೋತೀಯಲ್ಲ."

ಆ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರೇಡಿಯೇಷನ್ನಿನ ದಿನಗಳಲ್ಲಿ ಊರಿನಿಂದ ತುಪ್ಪ ಕಳಿಸಿದವರು, ವಾರಕ್ಕೊಮ್ಮೆ ಫೋನ್ ಮಾಡಿದವರು ಅವರು. ಬಾಯಲ್ಲಿ ತಟ್ಟೆಯಿದ್ದುದರಿಂದ ಅವಳಿಗೆ ಉತ್ತರ ಕೊಡಲಾಗಲಿಲ್ಲ. ಮಾರನೆಯ ದಿನ ತಟ್ಟೆಯನ್ನು ತೊಳೆದು ಡಬ್ಬಿಯಲ್ಲಿಟ್ಟಳು, ಮತ್ತೆ ತೆಗೆಯಲಿಲ್ಲ. ಮಹದೇವ್ ಒಮ್ಮೆ ಕೇಳಿದ, ಆಮೇಲೆ ಎಂದಳು. ಇನ್ನೊಮ್ಮೆ ಕೇಳಿದಾಗ, ಭಾವ ಹೇಳಿದ್ದು ಕೇಳಿಸಲಿಲ್ಲವಾ ಎಂದಳು. ಅಣ್ಣನ ಬೆನ್ನನ್ನು ಕಣ್ಣಾರೆ ಕಂಡವನು ಡಬ್ಬಿಯನ್ನು ಕಪಾಟಿನೊಳಗೆ ಎತ್ತಿಟ್ಟ. ಡಾಕ್ಟರ್ ರಮ್ಯ ಅವರ ಕ್ಲಿನಿಕ್ಕಿನಿಂದ ಬಂದ ಫೋನುಗಳಿಗೆ ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಹೇಳಿ, ಕೊನೆಗೆ ಅವಳು ಎತ್ತುವುದನ್ನೇ ಬಿಟ್ಟಳು. ಬಾಯಿ ಒಣಗಿದಾಗಲೆಲ್ಲ ಒಂದು ಚೂರು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಳ್ಳುವುದು ರೂಢಿಯಾಯಿತು. ಸಿಹಿ ಗೊತ್ತಾಗುತ್ತಿರಲಿಲ್ಲ, ಆದರೂ ಬಾಯಲ್ಲಿ ಏನೋ ಇದೆ ಎನಿಸುತ್ತಿತ್ತು.

ಹಾಗೆಯೇ ಮಳೆಗಾಲ ಕಳೆದು ಕಾರ್ತಿಕದ ಮದುವೆಗಳು ಶುರುವಾದವು. ಒಂದು ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದ ಮೇಲೆ ಅವಳು ಅಡುಗೆಮನೆಯ ಪಕ್ಕದಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಅವಳಿಗಾಗಿ ತೆಳ್ಳಗೆ ಕಲಸಿದ ಅನ್ನ. ಬಾಯಲ್ಲಿ ಗಟ್ಟಿಯಾದದ್ದೇನೋ ಸಿಕ್ಕಿತು. ಬೆರಳಿನಿಂದ ತೆಗೆದು ಎಲೆಯ ಅಂಚಿನಲ್ಲಿಟ್ಟಳು. ಅನ್ನದಲ್ಲಿ ಕಲ್ಲು ಬಂದರೆ ದೊಡ್ಡ ಮಾತಾಗುತ್ತದೆ. ಸಂಜೆ ಆರತಕ್ಷತೆಗೆ ಅದೇ ಅಕ್ಕಿ. ಎದ್ದು ಹೋಗಿ ಅಡುಗೆಯ ಚಿಕ್ಕಣ್ಣನಿಗೆ ಹೇಳಿದಳು. ಚಿಕ್ಕಣ್ಣ ಇಪ್ಪತ್ತು ವರ್ಷದಿಂದ ಮಂಟಪದ ಅಡುಗೆ ಮಾಡುವವನು, ಕಲ್ಲು ಎಂದರೆ ಅವನಿಗೆ ಅವಮಾನ. ಕೂಡಲೇ ಸಂಜೆಯ ಅಕ್ಕಿಯನ್ನೆಲ್ಲ ಮೊರಕ್ಕೆ ಸುರಿಸಿ ಕೇರಿಸಲು ಹಚ್ಚಿದ. ಆಮೇಲೆ ಆ ಕಲ್ಲನ್ನು ತಾನೇ ನೋಡಬೇಕೆಂದು ಎಲೆಯ ಹತ್ತಿರ ಬಂದ. ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

"ಇದು ಕಲ್ಲಲ್ಲ ಮೇಡಂ," ಎಂದ. "ಹಲ್ಲು."

ಅವಳು ನಾಲಿಗೆಯಾಡಿಸಿ ನೋಡಿದಳು. ಕೆಳಸಾಲಿನ ಎಡಗಡೆ ಒಂದು ಹಲ್ಲು ಒಸಡಿನ ಮಟ್ಟಕ್ಕೇ ಮುರಿದಿತ್ತು. ನೋವಾಗಿರಲಿಲ್ಲ. ಮುರಿದದ್ದು ಯಾವಾಗ ಎಂಬುದೇ ಗೊತ್ತಾಗಿರಲಿಲ್ಲ. ಅಕ್ಕಿ ಕೇರುತ್ತಿದ್ದ ಹೆಂಗಸರಿಗೆ ನಿಲ್ಲಿಸಿ ಎಂದು ಹೇಳಿ, ಆ ಚೂರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅವಳು ಆಫೀಸಿಗೆ ಹೋಗಿ ಕೂತಳು. ಸಂಜೆ ಮನೆಗೆ ಬಂದು ಕನ್ನಡಿಯ ಮುಂದೆ ತುಟಿ ಎತ್ತಿದಳು. ಬಹಳ ದಿನದಿಂದ ಸರಿಯಾಗಿ ನೋಡಿಕೊಂಡಿರಲಿಲ್ಲ. ಮುಂದಿನ ಹಲ್ಲುಗಳ ಬುಡದಲ್ಲೆಲ್ಲ ಒಸಡಿನ ಅಂಚಿಗೆ ಕಂದು ಗೆರೆ ಬಂದಿತ್ತು, ಯಾರೋ ದಾರ ಕಟ್ಟಿ ಬಿಗಿದ ಹಾಗೆ.

ಆ ವಾರ ಬಸಪ್ಪ ಮತ್ತೆ ಡಾಕ್ಟರಿಗೆ ತೋರಿಸಲು ಬಂದಿದ್ದರು. ಮಹದೇವನಿಗೆ ರಜ ಸಿಗದೆ, ಹಲ್ಲಿನ ಕ್ಲಿನಿಕ್ಕಿಗೆ ಅವಳ ಜೊತೆ ಅವರೇ ಹೋದರು. ಡಾಕ್ಟರ್ ರಮ್ಯ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. ಒಂದೊಂದೇ ಹಲ್ಲನ್ನು ಕನ್ನಡಿ ಹಿಡಿದು ನೋಡಿ, ಎಕ್ಸ್‌ರೇ ತೆಗೆದು, ಕುರ್ಚಿಯನ್ನು ನೇರ ಮಾಡಿದರು. ಯಾವಾಗ ಬಿಟ್ರಿ ಎಂದು ಕೇಳಿದರು. ಬಸಪ್ಪ ತಾವೇ ಮುಂದೆ ಬಂದು, ನಾನೇ ಹೇಳಿದ್ದು ಎಂದರು. ಯಾಕೆ ಹೇಳಿದೆ ಎಂಬುದನ್ನೂ, ಊರಿನ ನೀರಿನ ವಿಷಯವನ್ನೂ ಒಂದೂ ಬಿಡದೆ ಹೇಳಿದರು.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ನೀವು ಹೇಳುವುದು ಸುಳ್ಳಲ್ಲ ಎಂದರು. ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಿಂದ ಶುರುವಾಗಿ, ಇಷ್ಟೊಂದು ಫ್ಲೋರೈಡ್ ಇರುವ ನೀರು ದಿನಕ್ಕೆ ಹತ್ತಾರು ಲೋಟ, ಐವತ್ತು ಅರವತ್ತು ವರ್ಷ ಹೊಟ್ಟೆಗೆ ಹೋದರೆ ಹಲ್ಲಿನ ಬಣ್ಣ ಕೆಡುತ್ತದೆ, ಮೂಳೆ ಬಿಗಿಯುತ್ತದೆ. ಆದರೆ ಇವರದು ಹೊಟ್ಟೆಗೆ ಹೋಗುವುದಲ್ಲ. ಹಲ್ಲಿನ ಮೇಲೆ ಐದು ನಿಮಿಷ ಇದ್ದು ಉಗಿಯುವುದು. ತಿಂದದ್ದರಲ್ಲಿನ ಸಿಹಿಯನ್ನು ಬಾಯಲ್ಲಿರುವ ಕ್ರಿಮಿಗಳು ಆಸಿಡ್ ಮಾಡುತ್ತವೆ, ಆ ಆಸಿಡ್ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ನಮಗೆಲ್ಲ ಜೊಲ್ಲು ಅದನ್ನು ತೊಳೆದು, ಕರಗಿದ ಸುಣ್ಣವನ್ನು ಮತ್ತೆ ತಂದು ಮೆತ್ತುತ್ತದೆ, ದಿನವಿಡೀ ಇದೇ ನಡೆಯುತ್ತಿರುತ್ತದೆ. ಇವರಿಗೆ ಜೊಲ್ಲಿಲ್ಲ. ಇರುವ ಒಂದಿಷ್ಟು ಪಸೆಯಲ್ಲೇ ಸುಣ್ಣ ಮತ್ತೆ ಹಲ್ಲಿಗೆ ಅಂಟಬೇಕು, ಅಂಟಿದ್ದು ಸುಲಭಕ್ಕೆ ಕರಗಬಾರದು. ಆ ಕೆಲಸಕ್ಕೆ ಫ್ಲೋರೈಡ್ ಬೇಕು. ಹೀಗೆ ವಿವರಿಸಿ ಬಸಪ್ಪನವರಿಗೂ ಬಾಯಿ ತೆರೆಯಲು ಹೇಳಿದರು.

"ಹುಳುಕು ಒಂದೂ ಇಲ್ಲ ನಿಮಗೆ," ಎಂದರು.

"ಹಲ್ಲು ಉಳ್ಕೊಂಡು ಏನ್ ಮಾಡ್ಲಿ ತಾಯಿ, ಬೆನ್ನು ಹೋಯ್ತಲ್ಲ," ಎಂದರು ಬಸಪ್ಪ.

ಮುರಿದ ಹಲ್ಲನ್ನು ಕಿತ್ತುಬಿಡಿ ಎಂದಳು ಶೋಭಾರಾಣಿ. ಆಗ ಡಾಕ್ಟರು ಅವಳ ಕಡೆ ತಿರುಗಿ ನಿಧಾನವಾಗಿ ಹೇಳಿದರು: ಕೀಳುವ ಹಾಗಿಲ್ಲ. ರೇಡಿಯೇಷನ್ ಬಿದ್ದ ದವಡೆಯಲ್ಲಿ ರಕ್ತ ಓಡಾಡುವುದು ಕಮ್ಮಿ. ಕಿತ್ತರೆ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯ ಉಂಟು. ಹಾಗಾದರೆ ದವಡೆಯನ್ನೇ ಕತ್ತರಿಸಬೇಕಾಗಬಹುದು. ಬೇರನ್ನು ಒಳಗೇ ಬಿಟ್ಟು ನರ ತೆಗೆದು ಮುಚ್ಚೋಣ. ಉಳಿದವುಗಳ ಬುಡಕ್ಕೆ ಫಿಲ್ಲಿಂಗ್ ಮಾಡೋಣ. ಆದರೆ ಇನ್ನೊಂದು ವರ್ಷ ಹೀಗೇ ಬಿಟ್ಟರೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಕಲ್ಲುಸಕ್ಕರೆಯನ್ನು ಈ ಕ್ಷಣವೇ ನಿಲ್ಲಿಸಬೇಕು.

ಮನೆಗೆ ನಡೆದುಕೊಂಡೇ ಹೊರಟರು. ಬಸಪ್ಪನವರ ನಡಿಗೆ ನಿಧಾನ, ಅವಳಿಗೂ ಅವಸರವಿರಲಿಲ್ಲ. ತರಕಾರಿ ಮಾರ್ಕೆಟ್ಟಿನ ಹತ್ತಿರ ಜನ ಜಾಸ್ತಿಯಾಗಿ ಒಂದು ಅಂಗಡಿಯ ಮುಂದೆ ನಿಂತಾಗ ಅವರು ಕೇಳಿದರು.

"ನಾನ್ ಹೇಳ್ದೆ ಅಂತ ಬಿಟ್ಟಾ ಶೋಭಾ?"

ಹೌದು ಎಂದರೆ ಸುಲಭವಿತ್ತು. ಅವಳು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದಳು.

"ಇಲ್ಲ ಭಾವ. ನಂಗೇ ಬೇಡವಾಗಿತ್ತು. ನೀವು ಹೇಳಿದ್ದು ಒಂದು ನೆಪ ಆಯ್ತು."

"ಹಲ್ಲು ಬೇಡವಾಗಿತ್ತಾ?"

"ಯಾವ್ದೂ," ಎಂದಳು.

ರಸ್ತೆ ದಾಟುವಾಗ ಅವರು ಅವಳ ತೋಳು ಹಿಡಿದುಕೊಂಡರು. ಯಾರು ಯಾರನ್ನು ದಾಟಿಸುತ್ತಿದ್ದಾರೆಂದು ನೋಡಿದವರಿಗೆ ಹೇಳಲಾಗುತ್ತಿರಲಿಲ್ಲ. ಆ ಸಂಜೆ ಅವರು ತಮ್ಮನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅವಳು ಬೇಳೆ ಬೇಯಿಸಿಕೊಂಡು ಅಡುಗೆಮನೆಯಲ್ಲೇ ಇದ್ದಳು. ಏನು ಮಾತಾಡಿಕೊಂಡರೆಂದು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ನರ ತೆಗೆಯುವುದು, ಫಿಲ್ಲಿಂಗ್ ಮಾಡುವುದು ಎಂದು ಮೂರು ತಿಂಗಳು ಓಡಾಟ ನಡೆಯಿತು. ಇಂಜೆಕ್ಷನ್ ಕೊಟ್ಟು ಜೋಮು ಹಿಡಿಯಿತಾ ಎಂದು ಡಾಕ್ಟರು ಕೇಳಿದರೆ, ಇಂಜೆಕ್ಷನ್ನಿಗೆ ಮೊದಲಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸವೆಂದು ಅವಳು ಯೋಚಿಸಬೇಕಾಗುತ್ತಿತ್ತು. ಮುಂದಿನ ಹಲ್ಲುಗಳ ಬುಡ ಮತ್ತೆ ಬಿಳಿಯಾಯಿತು. ಮುರಿದ ಹಲ್ಲಿನ ಜಾಗ ಹಾಗೇ ಖಾಲಿ ಉಳಿಯಿತು, ಅಡಿಯಲ್ಲಿ ಬೇರು.

ತಟ್ಟೆ ಮತ್ತೆ ಡಬ್ಬಿಯಿಂದ ಹೊರಬಂತು. ಈ ಸಲ ಜೆಲ್ ಹಚ್ಚಿ ಕೊಡುತ್ತಿದ್ದವನು ಮಹದೇವ್. ಒಂದು ಗೆರೆಯಷ್ಟೇ ಜೆಲ್ಲನ್ನು, ಲೇತಿನ ಮೇಲೆ ಅಳತೆ ಹಿಡಿಯುವವನ ಜಾಗ್ರತೆಯಲ್ಲಿ, ಎಲ್ಲೂ ಹೆಚ್ಚಾಗದಂತೆ ಸವರುತ್ತಿದ್ದ. ಅವಳು ಕಚ್ಚಿಕೊಂಡು ಕುರ್ಚಿಯಲ್ಲಿ ಕೂರುವಳು, ಅವನು ಎದುರಿನ ದಿವಾನದ ಮೇಲೆ. ಒಂದು ದಿನ ಅವನು ವರ್ಕ್‌ಶಾಪಿನ ವಿಷಯ ತೆಗೆದ. ಮಾಲೀಕನ ಮಗ ತಂದ ಹೊಸ ಯಂತ್ರ ತಾನಾಗೇ ಅಳೆದು ತಾನಾಗೇ ಕೊರೆಯುತ್ತದಂತೆ. ಮುರುಗೇಶ್ ಎಂಬ ಹಳೆಯ ಕೆಲಸಗಾರ ಅದರ ಮುಂದೆ ನಿಂತು, ಇದಕ್ಕೆ ಟೀ ಯಾರು ಕೊಡ್ತಾರೆ ಎಂದು ಕೇಳಿದನಂತೆ. ಮರುದಿನ ಇನ್ನೊಂದು ಸಂಗತಿ. ಆಮೇಲೆ ಅವಳ ರೇಡಿಯೇಷನ್ನಿನ ದಿನಗಳಲ್ಲಿ ತಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಏನು ಯೋಚಿಸುತ್ತಿದ್ದೆ ಎಂಬುದೂ ಬಂತು. ಅವಳು ಸತ್ತರೆ ಮನೆ ಖಾಲಿ ಮಾಡಿ ಅಣ್ಣನ ಊರಿಗೆ ಹೋಗುವುದೆಂದು ಲೆಕ್ಕ ಹಾಕಿದ್ದನಂತೆ. ಅದನ್ನು ಹೇಳಿ ಅವನು ನೆಲ ನೋಡಿದ. ಅವಳಿಗೆ ನಡುವೆ ಬಾಯಿ ಹಾಕಲು ಆಗುವಂತಿರಲಿಲ್ಲ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವನ ಮಾತು ಕೊನೆಯವರೆಗೂ ಮುಗಿಯುತ್ತಿದ್ದದ್ದು ಈಗಲೇ. ಅವಳಿಗೆ ಸಂತೋಷವಾಯಿತು ಎಂದಲ್ಲ. ಕೇಳಿಸುತ್ತಿತ್ತು, ಅಷ್ಟೇ. ಆದರೆ ಗಡಿಯಾರ ನೋಡುವುದನ್ನು ಅವಳು ಬಿಟ್ಟಿದ್ದಳು.

ಒಂದು ವರ್ಷದ ಮೇಲೆ ಡಾಕ್ಟರ್ ರಮ್ಯ ಮತ್ತೆ ಎಲ್ಲಾ ಹಲ್ಲಿನ ಎಕ್ಸ್‌ರೇ ತೆಗೆದರು. ಹೊಸ ಹುಳುಕು ಎಲ್ಲೂ ಇರಲಿಲ್ಲ. ಆಸ್ಪತ್ರೆಯ ತಪಾಸಣೆಯಲ್ಲೂ ಗಂಟಿನ ಸುಳಿವಿಲ್ಲ. ಜೊಲ್ಲು ಮಾತ್ರ ವಾಪಸು ಬರಲಿಲ್ಲ, ಬರುವುದೂ ಇಲ್ಲ ಎಂದಿದ್ದಾರೆ. ರುಚಿಯಲ್ಲಿ ಉಪ್ಪು ಒಂದಿಷ್ಟು ತಿಳಿಯುತ್ತದೆ. ಮಂಟಪದಲ್ಲಿ ಈಗಲೂ ಅವಳು ಹೊಸ ಹುಡುಗಿಯ ಪಕ್ಕದಲ್ಲೇ ಕೂರುತ್ತಾಳೆ. ಆ ಹುಡುಗಿ ತಪ್ಪು ರೂಮು ಕೊಟ್ಟರೆ ಬೆರಳಿನಲ್ಲಿ ತೋರಿಸಿ ತಿದ್ದುತ್ತಾಳೆ.

ಮೊನ್ನೆ ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಬಂದು ಬಸಪ್ಪನವರಿಗೆ ಫೋನ್ ಮಾಡಿದಳು. ಕಾಯಿಲೆ ಬಿದ್ದ ಮೇಲೆ ಅವಳಾಗಿಯೇ ಯಾರಿಗೂ ಫೋನ್ ಮಾಡಿರಲಿಲ್ಲ. ಬಸಪ್ಪ ಗಾಬರಿಯಾಗಿ ಏನಾಯ್ತವ್ವ ಎಂದರು.

"ಏನಿಲ್ಲ ಭಾವ. ನೀವೀಗ ಯಾವ ನೀರು ಕುಡೀತಿದೀರಾ?"

ಊರಿನಲ್ಲಿ ನೀರು ಶುದ್ಧ ಮಾಡುವ ಯಂತ್ರ ಕೂರಿಸಿದ್ದಾರೆ, ಆದರೆ ಅದು ಕೆಟ್ಟು ಎರಡು ತಿಂಗಳಾಗಿದೆ, ಯಾರೂ ಬಂದು ನೋಡಿಲ್ಲ, ಈಗ ಮತ್ತೆ ಬೋರಿನದೇ, ಇಷ್ಟು ವಯಸ್ಸಾದ ಮೇಲೆ ಇನ್ನೇನು ಎಂದರು ಅವರು ನಗುತ್ತಾ.

ಅವಳಿಗೆ ಸಿಟ್ಟು ಬಂತು. ಸಿಟ್ಟು ಎಂದು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಇಷ್ಟು ವಯಸ್ಸಾದ ಮೇಲೆ ಅಂದರೇನು ಎಂದು ಶುರುಮಾಡಿದಳು. ಶಾಲೆಯ ಮಕ್ಕಳು ಅದನ್ನೇ ಕುಡಿಯುತ್ತಿಲ್ಲವೇ, ಪಂಚಾಯಿತಿಗೆ ಹೋಗಿ ಕೂರಲು ಆಗುವುದಿಲ್ಲವೇ, ನಾಳೆಯೇ ಹೋಗಿ, ಹೋಗಿ ಏನಾಯಿತೆಂದು ನನಗೆ ಹೇಳಿ. ಅಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿ ಮಾತು ನಿಂತಿತು. ಆ ಕಡೆ ಬಸಪ್ಪ ಸುಮ್ಮನೆ ಕಾಯುತ್ತಿದ್ದರು. ಅವಳು ಬಾಟಲಿ ಎತ್ತಿ ಒಂದು ಗುಟುಕು ಕುಡಿದು, ಬಿಟ್ಟಲ್ಲಿಂದ ಮತ್ತೆ ಬೈಯಲು ಶುರುಮಾಡಿದಳು.